ಹೆಸರುಗಳ್ಳರು

ಧನ, ಧಾನ್ಯ, ದನಕರುಗಳನ್ನು ಕದಿಯುವವರ ಕಥೆ ಲೋಕಕ್ಕೆ ಹೊಸದಲ್ಲ. ಕಳವಾದ ಎತ್ತು ಸಂತೆಯಲ್ಲಿ ಕಣ್ಣಿಗೆ ಬಿದ್ದರೆ, ಒಡೆಯನು ಅದರ ಕೊಂಬನ್ನೂ ಸುಳಿಯನ್ನೂ ಗುರುತಿಸಿ ಮನೆಗೆ ಹೊಡೆದುಕೊಂಡು ಬರುತ್ತಿದ್ದನು. ಆದರೆ ಕಳವಾದುದು ಒಡೆಯನ ಹೆಸರೇ ಆಗಿದ್ದರೆ? ಗುರುತು ಹಿಡಿಯಬೇಕಾದವನ ಗುರುತೇ ಮತ್ತೊಬ್ಬನ ಕೈ ಸೇರಿದ್ದರೆ, ಅವನು ಅದನ್ನು ಯಾವ ಸಂತೆಯಲ್ಲಿ ಹುಡುಕಬೇಕು? ಎತ್ತು ಕಳವಾದಾಗ ಕೊಟ್ಟಿಗೆ ಬರಿದಾಗುತ್ತದೆ. ಕಳವು ಕೂಡಲೇ ತಿಳಿಯುತ್ತದೆ. ಹೆಸರು ಕಳವಾದಾಗ ಅದು ಒಡೆಯನ ಬಳಿಯೂ ಇರುತ್ತದೆ, ಕಳ್ಳನ ಬಳಿಯೂ ಇರುತ್ತದೆ. ಸಾಲಗಾರನೋ ಪೊಲೀಸರೋ ಬಾಗಿಲು ತಟ್ಟುವವರೆಗೆ ಕಳವಾದ ಸಂಗತಿಯೇ ಗೊತ್ತಾಗುವುದಿಲ್ಲ. ಅಂತರ್ಜಾಲದ ಯುಗದಲ್ಲಿ ಹೆಚ್ಚಿರುವ ಈ ವಿಚಿತ್ರವಾದ ಕಳವಿನ ಸ್ವರೂಪವನ್ನೂ, ಅದನ್ನು ಮಾಡುವವರ ಬಗೆಯನ್ನೂ ವಿಚಾರಿಸಿ ನೋಡುವುದು ಇಂದಿನ ನಾಗರಿಕನ ಕರ್ತವ್ಯಗಳಲ್ಲಿ ಒಂದಾಗಿದೆ.

ಹೆಸರಿನ ಕಳವು ಯಂತ್ರಗಳೊಂದಿಗೆ ಹುಟ್ಟಿತೆಂದು ಭಾವಿಸುವುದು ತಪ್ಪು. ವಿಶಾಖದತ್ತನ ‘ಮುದ್ರಾರಾಕ್ಷಸ’ ಎಂಬ ಸಂಸ್ಕೃತ ನಾಟಕದ ಕಥೆ ನಿಂತಿರುವುದೇ ಇಂಥ ಒಂದು ಪ್ರಸಂಗದ ಮೇಲೆ. ಅದೇ ಕಥಾವಸ್ತುವನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಗದ್ಯಕೃತಿಯಾಗಿ ಕನ್ನಡಿಗರಿಗೆ ನೀಡಿದನು. ನಂದರ ಅಮಾತ್ಯನಾದ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕುತ್ತದೆ. ಆ ಉಂಗುರದಿಂದ ಮುದ್ರೆಯೊತ್ತಿದ ಒಂದು ಕಪಟಪತ್ರವು ರಾಕ್ಷಸನನ್ನೂ ಅವನನ್ನು ನಂಬಿದ್ದ ಮಲಯಕೇತುವನ್ನೂ ಅಗಲಿಸಿಬಿಡುತ್ತದೆ. ರಾಕ್ಷಸನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನ ಮಾತಿಗಿಂತ ಅವನ ಮುದ್ರೆಗೇ ಹೆಚ್ಚು ಬೆಲೆ ಬಂದಿತು. ಮನುಷ್ಯನು ತನ್ನ ಗುರುತನ್ನು ತನ್ನಿಂದ ಬೇರೆಯಾದ ಒಂದು ವಸ್ತುವಿನಲ್ಲಿ ಇರಿಸಿದ ದಿನವೇ ಆ ಗುರುತು ಕಳವಾಗುವ ಸಾಧ್ಯತೆಯೂ ಹುಟ್ಟಿತು. ಅಂದಿನ ಉಂಗುರವೇ ಇಂದಿನ ಗುಪ್ತಸಂಖ್ಯೆ. ಅಂದಿನ ಅರಗಿನ ಮುದ್ರೆಯೇ ಇಂದಿನ ಆಧಾರ್ ಸಂಖ್ಯೆ.

ಉಂಗುರ ಜಾರಬಹುದು, ಸಹಿಯನ್ನು ನಕಲು ಮಾಡಬಹುದು. ಆದರೆ ಬೆರಳಿನ ಗೆರೆಗಳನ್ನು ಕದಿಯುವವರು ಯಾರು ಎಂಬ ಭರವಸೆಯಿಂದಲೇ ಬೆರಳಚ್ಚಿನ ಪದ್ಧತಿ ಬಳಕೆಗೆ ಬಂದಿತು. ಅದರ ಚರಿತ್ರೆಯಲ್ಲಿ ಭಾರತಕ್ಕೆ ದೊಡ್ಡ ಸ್ಥಾನವಿದೆ. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷಲ್ ಎಂಬಾತನು ಒಬ್ಬ ಗುತ್ತಿಗೆದಾರನೊಡನೆ ಮಾಡಿಕೊಂಡ ಕರಾರಿನ ಮೇಲೆ ಅವನ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಮುಂದೆ ಮಾತು ತಪ್ಪಿ ‘ಇದು ನನ್ನ ಬರಹವಲ್ಲ’ ಎನ್ನದಿರಲೆಂಬುದೇ ಅವನ ಉದ್ದೇಶ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಚೇರಿಯೊಂದು ಸ್ಥಾಪಿತವಾಯಿತು. ಅಲ್ಲಿ ಎಡ್ವರ್ಡ್ ಹೆನ್ರಿಯ ಕೈಕೆಳಗೆ ದುಡಿದ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಭಾರತೀಯರ ಬುದ್ಧಿಬಲದಿಂದ ಬೆರಳಚ್ಚುಗಳನ್ನು ವಿಂಗಡಿಸುವ ಕ್ರಮ ರೂಪುಗೊಂಡಿತು. ಅಕ್ಷರ ಬಾರದ ರೈತನ ಹೆಬ್ಬೆಟ್ಟು ಅಕ್ಷರ ಬಲ್ಲವನ ಸಹಿಗಿಂತಲೂ ಗಟ್ಟಿಯಾದ ಸಾಕ್ಷಿಯೆಂದು ಲೋಕವು ಒಪ್ಪಿತು. ಆ ಹೆಬ್ಬೆಟ್ಟಿಗೂ ಒಂದು ದಿನ ಕಳ್ಳರು ಕೈ ಹಾಕುವರೆಂದು ಆಗ ಯಾರೂ ಊಹಿಸಿರಲಿಲ್ಲ.

ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ಹೆದ್ದಾರಿಯಲ್ಲಿರುವ ಹಾರೋಹಳ್ಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ರಾಗಿ ಬೆಳೆದು, ಹಿಪ್ಪುನೇರಳೆ ಸೊಪ್ಪಿನಿಂದ ರೇಷ್ಮೆಹುಳು ಸಾಕಿ ಬದುಕುತ್ತಿದ್ದ ಸೀಮೆ ಅದು. ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಹೊಲಗಳ ಪಕ್ಕದಲ್ಲಿ ಕಾರ್ಖಾನೆಗಳು ಎದ್ದವು. ಕನಕಪುರ ತಾಲ್ಲೂಕಿಗೆ ಸೇರಿದ್ದ ಊರು ತಾನೇ ತಾಲ್ಲೂಕು ಕೇಂದ್ರವಾಯಿತು. ಅದು ಸೇರಿರುವ ಜಿಲ್ಲೆ 2007ರಲ್ಲಿ ರಾಮನಗರವೆಂಬ ಹೆಸರಿನಿಂದ ಉದಯಿಸಿ, 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೊಸ ಹೆಸರನ್ನು ಪಡೆಯಿತು. ಇಂಥ ಊರಿನಲ್ಲಿ ಹಿಂದೆ ಒಬ್ಬನ ಗುರುತು ಕೇಳಿದರೆ ‘ಇಂಥವರ ಮಗ, ಇಂಥ ಬೀದಿಯವನು’ ಎಂದರೆ ಸಾಕಾಗುತ್ತಿತ್ತು. ಮುಖವೇ ಗುರುತು, ಊರೇ ಸಾಕ್ಷಿ. ಇಂದು ಭೂಮಿಯ ಕ್ರಯಪತ್ರಕ್ಕೆ, ಕಾರ್ಖಾನೆಯ ಕೂಲಿಗೆ, ಬಾಡಿಗೆ ಮನೆಗೆ, ದೂರವಾಣಿಯ ಸಿಮ್ ಕಾರ್ಡಿಗೆ, ಪಡಿತರದ ಅಕ್ಕಿಗೆ, ಬ್ಯಾಂಕಿನ ಖಾತೆಗೆ ಗುರುತಿನ ಚೀಟಿಯ ಪ್ರತಿಯನ್ನು ಕೊಡಬೇಕಾಗುತ್ತದೆ. ನೆರೆಹೊರೆಯವರ ನೆನಪಿನಲ್ಲಿದ್ದ ಮನುಷ್ಯನು ಅಪರಿಚಿತರ ಕಡತಗಳಿಗೆ ಸ್ಥಳಾಂತರಗೊಂಡಿದ್ದಾನೆ.

ಈ ಬದಲಾವಣೆಯನ್ನು ಕೇವಲ ಕೇಡೆಂದು ಹಳಿಯುವುದು ನ್ಯಾಯವಲ್ಲ. 2010ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆಯನ್ನು ನೀಡಲಾಯಿತು. ಇಂದು ದೇಶದಲ್ಲಿ 130 ಕೋಟಿಗೂ ಹೆಚ್ಚು ಜನರಿಗೆ ಆ ಸಂಖ್ಯೆ ದೊರೆತಿದೆ. ಯಾವ ಕಾಗದಪತ್ರವೂ ಇಲ್ಲದಿದ್ದ ಕೂಲಿಕಾರನಿಗೆ ಅದರಿಂದ ಬ್ಯಾಂಕಿನ ಬಾಗಿಲು ತೆರೆಯಿತು. ನಡುವೆ ಕೈಚಾಚುವವರಿಲ್ಲದೆ ವೃದ್ಧಾಪ್ಯ ವೇತನವೂ ಗೃಹಲಕ್ಷ್ಮಿಯ ಹಣವೂ ನೇರವಾಗಿ ಖಾತೆಗೆ ಬಂದವು. ಪಟ್ಟಣಕ್ಕೆ ಹೋಗಲಾರದ ಮುದುಕಿಯು ಊರಿನಲ್ಲಿಯೇ ಬ್ಯಾಂಕಿನ ಪ್ರತಿನಿಧಿಯ ಚಿಕ್ಕ ಯಂತ್ರದ ಮೇಲೆ ಬೆರಳಿಟ್ಟು ತನ್ನ ಹಣವನ್ನು ಪಡೆಯುವಂತಾಯಿತು. ಗುಪ್ತಸಂಖ್ಯೆಯನ್ನು ನೆನಪಿಡುವ ಕಷ್ಟವಿಲ್ಲ, ಸಹಿ ಹಾಕುವ ಸಂಕೋಚವಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು, ಈ ಮೂರಿದ್ದರೆ ಸಾಕು. ಆದರೆ ಬಡವರಿಗಾಗಿ ತೆರೆದ ಈ ಸುಲಭದ ಬಾಗಿಲಿನಿಂದಲೇ ಕಳ್ಳನೂ ಒಳಹೊಕ್ಕನು.

2023ರಲ್ಲಿ ಕರ್ನಾಟಕದಲ್ಲಿ ಬೆಳಕಿಗೆ ಬಂದ ಪ್ರಕರಣಗಳು ಇದಕ್ಕೆ ಸಾಕ್ಷಿಯಾಗಿವೆ. ಬೆಂಗಳೂರು, ಮಂಗಳೂರು ಮೊದಲಾದ ಕಡೆಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಅನೇಕರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದಂತೆಯೇ ಹಣ ಹೊರಟುಹೋಯಿತು. ಅವರು ಯಾರಿಗೂ ಗುಪ್ತಸಂಖ್ಯೆಯನ್ನು ಹೇಳಿರಲಿಲ್ಲ. ಯಾವ ದೂರವಾಣಿ ಕರೆಗೂ ಮರುಳಾಗಿರಲಿಲ್ಲ. ಅವರು ಮಾಡಿದ್ದುದು ಕಾನೂನು ಹೇಳಿದಂತೆ ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಆಧಾರ್ ಸಂಖ್ಯೆಯನ್ನು ನೀಡಿದುದು ಮಾತ್ರ. ನೋಂದಣಿಯಾದ ಪತ್ರಗಳ ಪ್ರತಿಗಳು ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ ದೊರೆಯುತ್ತಿದ್ದವು. ದೂರದ ಬಿಹಾರದಲ್ಲಿ ಕುಳಿತ ಕೆಲವರು ಆ ಪ್ರತಿಗಳಿಂದ ಹೆಬ್ಬೆಟ್ಟಿನ ಗುರುತನ್ನು ತೆಗೆದು, ಸಿಲಿಕಾನಿನಲ್ಲಿ ಅಚ್ಚು ಹೊಯ್ದು, ಅದನ್ನೇ ಯಂತ್ರದ ಮೇಲೆ ಒತ್ತಿ ಹಣ ಪಡೆದರೆಂದು ಪೊಲೀಸರು ಕಂಡುಹಿಡಿದರು, ಬಂಧನಗಳೂ ಆದವು. ಆಮೇಲೆ ಪತ್ರಗಳ ಪ್ರತಿಗಳಲ್ಲಿ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ಮರೆಮಾಡುವ ಕ್ರಮವನ್ನು ಕೈಗೊಳ್ಳಲಾಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯು ಇಲ್ಲಿ ಯಾರಿಗಾದರೂ ನೆನಪಾಗದಿರದು. ಸೋಜಿಗವೆಂದರೆ, ನೋಂದಣಿಯ ಪತ್ರಗಳಿಂದ ಬೆರಳಚ್ಚನ್ನು ಕದ್ದ ಇಂಥದೇ ಪ್ರಕರಣವು 2018ರಲ್ಲಿಯೇ ನೆರೆಯ ತೆಲಂಗಾಣದಲ್ಲಿ ಪತ್ತೆಯಾಗಿತ್ತು. ಪಕ್ಕದ ಮನೆಗೆ ಬಿದ್ದ ಕನ್ನದಿಂದ ಈ ಮನೆಯವರು ಪಾಠ ಕಲಿಯಲಿಲ್ಲ.

ಈ ಪ್ರಕರಣಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಆನ್‌ಲೈನ್ ವಂಚನೆಯ ಮಾತು ಬಂದಾಗಲೆಲ್ಲ ‘ಜನರು ಎಚ್ಚರ ತಪ್ಪುತ್ತಾರೆ, ಆದುದರಿಂದ ಮೋಸ ಹೋಗುತ್ತಾರೆ’ ಎಂದು ಹೇಳುವುದು ರೂಢಿಯಾಗಿದೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ ಅದು ಪೂರ್ಣ ಸತ್ಯವಲ್ಲ. ಕ್ರಯಪತ್ರಕ್ಕೆ ಹೆಬ್ಬೆಟ್ಟು ಒತ್ತಿದ ರೈತನು ಎಲ್ಲಿ ಎಚ್ಚರ ತಪ್ಪಿದನು? ಒತ್ತದೆ ಇರುವ ಸ್ವಾತಂತ್ರ್ಯ ಅವನಿಗಿತ್ತೆ? ಪರರ ಗುರುತನ್ನು ಕೇಳಿ ಪಡೆಯುವವನು ಅದರ ಕಾವಲುಗಾರನೂ ಆಗುತ್ತಾನೆ. ಒಬ್ಬರ ಒಡವೆಯನ್ನು ಅಡವಿಟ್ಟುಕೊಂಡವನು ಅದನ್ನು ಜಗುಲಿಯ ಮೇಲೆ ಇಟ್ಟು ಮಲಗಿದರೆ, ಕಳ್ಳನೊಂದಿಗೆ ಅವನೂ ಉತ್ತರ ಹೇಳಬೇಕು. ಅಲ್ಲದೆ ಗುಪ್ತಸಂಖ್ಯೆ ಕಳವಾದರೆ ಬೇರೆ ಸಂಖ್ಯೆಯನ್ನು ಆರಿಸಿಕೊಳ್ಳಬಹುದು. ಬೀಗ ಕೆಟ್ಟರೆ ಬೇರೆ ಬೀಗ ತರಬಹುದು. ಕಳವಾದ ಬೆರಳಚ್ಚಿಗೆ ಪ್ರತಿಯಾಗಿ ಹೊಸ ಬೆರಳನ್ನು ಯಾವ ಕಚೇರಿಯೂ ಕೊಡಲಾರದು. ಜೀವಮಾನವಿಡೀ ಬದಲಾಗದ ಗುರುತನ್ನು ಪಡೆದುಕೊಳ್ಳುವವರ ಹೊಣೆಯೂ ಜೀವಮಾನವಿಡೀ ಉಳಿಯತಕ್ಕದ್ದು.

ಹೆಸರಿನ ಕಳವಿಗೆ ಇನ್ನೊಂದು ಮುಖವಿದೆ. ಪ್ರಜೆಯ ಹೆಸರನ್ನು ಕದ್ದು ಸಂಸ್ಥೆಯನ್ನು ವಂಚಿಸುವಂತೆಯೇ, ಸಂಸ್ಥೆಯ ಹೆಸರನ್ನು ಕದ್ದು ಪ್ರಜೆಯನ್ನು ವಂಚಿಸುವವರೂ ಇದ್ದಾರೆ. ಪೊಲೀಸರ ಸಮವಸ್ತ್ರ, ನ್ಯಾಯಾಲಯದ ಮೊಹರು, ಬ್ಯಾಂಕಿನ ಲಾಂಛನ, ಇವೆಲ್ಲವೂ ಸಮಾಜವು ನಂಬಿಕೆಯನ್ನು ಇಟ್ಟಿರುವ ಮುದ್ರೆಗಳು. ಅವನ್ನು ದೂರವಾಣಿಯ ಪರದೆಯ ಮೇಲೆ ತೋರಿಸಿ, ‘ನಿಮ್ಮ ಆಧಾರ್ ಸಂಖ್ಯೆಯಿಂದ ಅಪರಾಧ ನಡೆದಿದೆ, ನಿಮ್ಮನ್ನು ಬಂಧಿಸಲಾಗಿದೆ’ ಎಂದು ಹೆದರಿಸಿ ಹಣ ಕೀಳುವ ವಂಚನೆಗೆ ‘ಡಿಜಿಟಲ್ ಅರೆಸ್ಟ್’ ಎಂದು ಹೆಸರಾಗಿದೆ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ ಪ್ರಸಾರದಲ್ಲಿ ಪ್ರಧಾನಿಯವರು ಇಂಥ ಒಂದು ಸಂಭಾಷಣೆಯನ್ನು ದೇಶಕ್ಕೆ ಕೇಳಿಸಿದರು. ವಂಚಕನ ಎದುರು ಧೈರ್ಯಗೆಡದೆ ಅದನ್ನು ದಾಖಲಿಸಿಕೊಂಡವರು ವಿಜಯಪುರದ ಒಬ್ಬ ಕನ್ನಡಿಗರು. ಆದರೆ ಎಲ್ಲರ ಎದೆಯೂ ಅಷ್ಟು ಗಟ್ಟಿಯಾಗಿರುವುದಿಲ್ಲ. 2025ರ ಮಾರ್ಚ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಇಂಥದೇ ಬೆದರಿಕೆಗೆ ಸಿಕ್ಕಿದ ವೃದ್ಧ ದಂಪತಿಗಳು ಹಣದೊಂದಿಗೆ ಪ್ರಾಣವನ್ನೂ ನೀಗಿದರು. ಭಾರತದ ಯಾವ ಕಾನೂನಿನಲ್ಲಿಯೂ ದೂರವಾಣಿಯ ಮೂಲಕ ಬಂಧಿಸುವ ಪದ್ಧತಿ ಇಲ್ಲವೆಂಬ ಒಂದೇ ಮಾತನ್ನು ಸಕಾಲದಲ್ಲಿ ಯಾರಾದರೂ ಅವರಿಗೆ ತಿಳಿಸಿದ್ದರೆ ಆ ಜೀವಗಳು ಉಳಿಯುತ್ತಿದ್ದುವೇನೋ!

ಇಷ್ಟಕ್ಕೂ ಈ ಕಳ್ಳರು ಯಾರು? ಇವರೆಲ್ಲರೂ ಮಹಾ ಮೇಧಾವಿಗಳೆಂಬ ಕಲ್ಪನೆ ನಿರಾಧಾರವಾದುದು. ಝಾರ್ಖಂಡದ ಜಾಮ್‌ತಾಡಾ ಎಂಬ ಹಿಂದುಳಿದ ಜಿಲ್ಲೆಯು ಇಂಥ ವಂಚನೆಗೆ ದೇಶದಲ್ಲೆಲ್ಲ ಕುಖ್ಯಾತವಾಯಿತು. ಅಲ್ಲಿ ಹೆಚ್ಚು ಓದಿಲ್ಲದ ಎಳೆಯ ಯುವಕರು ಬರಿಯ ಒಂದು ದೂರವಾಣಿಯನ್ನು ಹಿಡಿದು, ಬ್ಯಾಂಕಿನ ಅಧಿಕಾರಿಗಳಂತೆ ಮಾತನಾಡಿ, ಪಟ್ಟಣದ ವಿದ್ಯಾವಂತರನ್ನು ಮರುಳು ಮಾಡಿದರು. ಅವರ ಬಂಡವಾಳ ತಂತ್ರಜ್ಞಾನವಲ್ಲ, ಮನುಷ್ಯಸ್ವಭಾವದ ಜ್ಞಾನ. ಆಸೆ ಮತ್ತು ಭಯ ಎಂಬೆರಡು ಬೀಗದ ಕೈಗಳಿಂದ ಅವರು ಎಲ್ಲ ಬಾಗಿಲುಗಳನ್ನೂ ತೆರೆದರು. ಬಡತನ, ನಿರುದ್ಯೋಗಗಳು ಅವರನ್ನು ಈ ದಾರಿಗೆ ತಂದವೆಂದು ಹೇಳುವವರುಂಟು. ಅದು ಕಾರಣವಾದೀತೇ ಹೊರತು ಸಮರ್ಥನೆಯಾಗಲಾರದು. ಅದೇ ಬಡತನದಲ್ಲಿ ಬೆಳೆದು, ಬೆವರು ಸುರಿಸಿ ಅನ್ನ ಗಳಿಸುವ ಲಕ್ಷಾಂತರ ಯುವಕರಿಗೆ ಆ ಮಾತು ಮಾಡುವ ಅಪಮಾನ ಸಣ್ಣದಲ್ಲ.

ಹಾಗೆಂದು ಅಪರಾಧಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆಗ್ನೇಯ ಏಷ್ಯದ ಮ್ಯಾನ್ಮಾರ್, ಕಾಂಬೋಡಿಯ ಮುಂತಾದ ದೇಶಗಳಲ್ಲಿ ವಂಚನೆಯೇ ಒಂದು ಕಾರ್ಖಾನೆಯಾಗಿ ಬೆಳೆದಿದೆ. ಒಳ್ಳೆಯ ಉದ್ಯೋಗದ ಆಸೆ ತೋರಿಸಿ ಕರೆಸಿಕೊಂಡ ಯುವಕಯುವತಿಯರ ಪಾಸ್‌ಪೋರ್ಟುಗಳನ್ನು ಕಿತ್ತುಕೊಂಡು, ಹೊಡೆದು ಬಡಿದು, ಸುಳ್ಳು ಹೆಸರುಗಳಲ್ಲಿ ಪರದೇಶದವರನ್ನು ವಂಚಿಸುವ ಕೆಲಸಕ್ಕೆ ಅಲ್ಲಿ ಹಚ್ಚಲಾಗುತ್ತದೆ. ಮ್ಯಾನ್ಮಾರಿನಲ್ಲಿ ಸುಮಾರು 1,20,000 ಮಂದಿ, ಕಾಂಬೋಡಿಯದಲ್ಲಿ ಸುಮಾರು 1,00,000 ಮಂದಿ ಇಂಥ ಬಲವಂತದ ಸ್ಥಿತಿಯಲ್ಲಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯು 2023ರಲ್ಲಿ ಅಂದಾಜು ಮಾಡಿತು. 2025ರ ಮಾರ್ಚ್ ತಿಂಗಳ ಎರಡು ದಿನಗಳಲ್ಲಿ ಹೀಗೆ ಸಿಕ್ಕಿಬಿದ್ದಿದ್ದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಸ್ವದೇಶಕ್ಕೆ ಕರೆತರಲಾಯಿತು. ಪರರ ಹೆಸರನ್ನು ಕದಿಯುವ ಕೈಗಳಲ್ಲಿ ಕೆಲವಕ್ಕೆ ಹೀಗೆ ಸಂಕೋಲೆಯೂ ಇರುತ್ತದೆ. ಕದ್ದವನನ್ನು ಶಿಕ್ಷಿಸುವ ಕಾನೂನು, ಕದಿಯುವಂತೆ ಹೊಡೆಯಲ್ಪಟ್ಟವನನ್ನು ರಕ್ಷಿಸಲೂ ಬೇಕು. ಈ ವಿವೇಚನೆ ಇಲ್ಲದ ನ್ಯಾಯವು ನ್ಯಾಯವಲ್ಲ.

ಆದರೆ ಜಾಮ್‌ತಾಡಾದ ಕಡೆಗೂ ಮ್ಯಾನ್ಮಾರಿನ ಕಡೆಗೂ ಬೆರಳು ತೋರಿಸಿ ಸುಮ್ಮನಾಗುವುದು ಆತ್ಮವಂಚನೆ. ದೂರದ ಕಳ್ಳನಿಗೆ ಹತ್ತಿರದ ಸಹಾಯಕರಿಲ್ಲದೆ ಒಂದು ರೂಪಾಯಿಯೂ ದಕ್ಕುವುದಿಲ್ಲ. ಕದ್ದ ಹಣ ಇಳಿಯುವುದಕ್ಕೆ ಒಂದು ಬ್ಯಾಂಕ್ ಖಾತೆ ಬೇಕು. ಕರೆ ಮಾಡುವುದಕ್ಕೆ ಒಂದು ಸಿಮ್ ಕಾರ್ಡು ಬೇಕು. ಎರಡೂ ಯಾವನೋ ಒಬ್ಬ ಸಾಮಾನ್ಯನ ಹೆಸರಿನಲ್ಲಿ ಇರಬೇಕು. ‘ನಿನ್ನ ಖಾತೆಯನ್ನು ಕೆಲವು ದಿನ ಬಾಡಿಗೆಗೆ ಕೊಡು, ಇಷ್ಟು ಸಾವಿರ ಕೊಡುತ್ತೇವೆ’ ಎಂಬ ಆಮಿಷಕ್ಕೆ ಒಳಗಾಗುವವರಲ್ಲಿ ಕಾಲೇಜು ವಿದ್ಯಾರ್ಥಿಗಳೂ, ಕೆಲಸ ಹುಡುಕುತ್ತಿರುವ ಯುವಕರೂ ಸೇರಿದ್ದಾರೆ. ಒಬ್ಬ ಗಿರಾಕಿಯ ಬೆರಳಚ್ಚನ್ನು ಎರಡು ಬಾರಿ ಪಡೆದು, ಎರಡನೆಯ ಸಿಮ್ಮನ್ನು ಮತ್ತೊಬ್ಬನಿಗೆ ಮಾರುವ ಅಂಗಡಿಯವನೂ, ನೆರಳಚ್ಚು ತೆಗೆಯಲು ಬಂದ ಗುರುತಿನ ಚೀಟಿಯ ಒಂದು ಪ್ರತಿಯನ್ನು ತನಗಾಗಿ ಇಟ್ಟುಕೊಳ್ಳುವವನೂ ಇದೇ ಸಾಲಿಗೆ ಸೇರುತ್ತಾರೆ. ಇವರಲ್ಲಿ ಯಾರೂ ತಮ್ಮನ್ನು ಕಳ್ಳರೆಂದು ತಿಳಿಯುವುದಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವವೆಂಬಂತೆ, ‘ನಾನು ಯಾರ ಹಣವನ್ನೂ ಮುಟ್ಟಲಿಲ್ಲ’ ಎಂಬ ನೆವ ಅವರ ಬಳಿ ಸಿದ್ಧವಾಗಿರುತ್ತದೆ. ಕನ್ನ ಕೊರೆಯುವವನಿಗೆ ಏಣಿ ಹಿಡಿದವನು ಕಳ್ಳನಲ್ಲವೆಂದು ಯಾವ ಧರ್ಮಶಾಸ್ತ್ರವೂ ಹೇಳಿಲ್ಲ. ಪರರ ಹೆಸರನ್ನು ಕದಿಯುವುದು ಹೇಗೆ ಅಪರಾಧವೋ, ತನ್ನ ಹೆಸರನ್ನು ಕಳ್ಳನಿಗೆ ಬಾಡಿಗೆಗೆ ಕೊಡುವುದೂ ಹಾಗೆಯೇ ಅಪರಾಧ.

ಈ ಕಳವಿನಿಂದಾಗುವ ನಷ್ಟವನ್ನು ರೂಪಾಯಿಗಳಲ್ಲಿ ಮಾತ್ರ ಎಣಿಸಲಾಗದು. ತನ್ನ ಹೆಸರಿನಲ್ಲಿ ಯಾರೋ ಎತ್ತಿದ ಸಾಲಕ್ಕಾಗಿ ನಿರಪರಾಧಿಯು ಕಚೇರಿಯಿಂದ ಕಚೇರಿಗೆ ಅಲೆದು, ‘ಅದು ನಾನಲ್ಲ’ ಎಂದು ಸಾಧಿಸಬೇಕಾಗುತ್ತದೆ. ಮಾಡಿದ ಕೆಲಸವನ್ನು ಸಾಧಿಸಿ ತೋರಿಸಬಹುದು. ಮಾಡದ ಕೆಲಸವನ್ನು ಮಾಡಲಿಲ್ಲವೆಂದು ಸಾಧಿಸುವುದು ಹೇಗೆ? ಕದ್ದ ಭಾವಚಿತ್ರದಿಂದ ಹುಡುಗಿಯೊಬ್ಬಳ ಹೆಸರಿನಲ್ಲಿ ಸುಳ್ಳು ಖಾತೆ ತೆರೆದು ಅಸಭ್ಯವಾದುದನ್ನು ಬರೆದಾಗ, ಅವಳು ಕಳೆದುಕೊಳ್ಳುವುದು ಹಣವನ್ನಲ್ಲ, ತಲೆಯೆತ್ತಿ ಬೀದಿಯಲ್ಲಿ ನಡೆಯುವ ನೆಮ್ಮದಿಯನ್ನು. ಇದರ ಮೇಲೆ ಸಮಾಜದ ಪರಿಹಾಸವೂ ಸೇರಿಕೊಳ್ಳುತ್ತದೆ. ಮನೆಗೆ ಕಳ್ಳ ನುಗ್ಗಿದರೆ ನೆರೆಯವರು ಸಾಂತ್ವನ ಹೇಳುತ್ತಾರೆ. ಖಾತೆಗೆ ಕಳ್ಳ ನುಗ್ಗಿದರೆ ‘ಇಷ್ಟೂ ತಿಳಿಯಲಿಲ್ಲವೆ?’ ಎಂದು ನಗುತ್ತಾರೆ. ಆ ನಗೆಗೆ ಅಂಜಿ ಅನೇಕರು ದೂರು ಕೊಡದೆ ಉಳಿಯುತ್ತಾರೆ. ದೂರಿಲ್ಲದ ಕಳವು ಕಳ್ಳನಿಗೆ ವರವಾಗುತ್ತದೆ. ಆದುದರಿಂದ ಮೋಸಹೋದವರನ್ನು ನೋಡಿ ನಗುವವನು ತಿಳಿಯದೆಯೇ ಕಳ್ಳನಿಗೆ ನೆರವಾಗುತ್ತಾನೆ.

ಕಾನೂನು ಕಣ್ಣು ಮುಚ್ಚಿ ಕುಳಿತಿದೆಯೆಂದು ಹೇಳಲಾಗದು. ಮಾಹಿತಿ ತಂತ್ರಜ್ಞಾನ ಕಾಯಿದೆಯು 2000ದಲ್ಲಿ ಜಾರಿಗೆ ಬಂದಿತು. ಮರುವರ್ಷವೇ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಬೆಂಗಳೂರಿನಲ್ಲಿ ಆರಂಭವಾಯಿತು. 2009ರಲ್ಲಿ ಜಾರಿಯಾದ ತಿದ್ದುಪಡಿಯ 66ಸಿ ಕಲಮು ಪರರ ಗುಪ್ತಸಂಖ್ಯೆ, ವಿದ್ಯುನ್ಮಾನ ಸಹಿ ಅಥವಾ ಬೇರಾವುದೇ ವಿಶಿಷ್ಟ ಗುರುತನ್ನು ಮೋಸದಿಂದ ಬಳಸುವವನಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಪ್ರತ್ಯೇಕ ಕಾಯಿದೆಯೇ ರಚಿತವಾಯಿತು. ಆದರೆ ಕಾಯಿದೆಯು ಬರಹದಲ್ಲಿದ್ದರೆ ಸಾಲದು. ಕಳ್ಳನು ಒಂದು ರಾಜ್ಯದಲ್ಲಿ, ಖಾತೆ ಇನ್ನೊಂದು ರಾಜ್ಯದಲ್ಲಿ, ನೊಂದವನು ಮತ್ತೊಂದು ರಾಜ್ಯದಲ್ಲಿರುವ ಅಪರಾಧಕ್ಕೆ ಎಲ್ಲ ರಾಜ್ಯಗಳ ಪೊಲೀಸರ ಕೂಡು ದುಡಿಮೆ ಬೇಕು. ಬ್ಯಾಂಕುಗಳೂ ದೂರವಾಣಿ ಕಂಪನಿಗಳೂ ತಮ್ಮ ಪಾಲಿನ ಹೊಣೆಯನ್ನು ಹೊರಬೇಕು.

ಪ್ರಜೆಯ ಕೈಯಲ್ಲಿಯೂ ಕೆಲವು ಆಯುಧಗಳಿವೆ. ಆಧಾರ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ಕೊಡಬಹುದು. ಬೇಕಿಲ್ಲದಾಗ ಬೆರಳಚ್ಚಿನ ಬಳಕೆಗೆ ಬೀಗ ಹಾಕಿಡಬಹುದು. ತನ್ನ ಹೆಸರಿನಲ್ಲಿ ಎಷ್ಟು ದೂರವಾಣಿ ಸಂಪರ್ಕಗಳಿವೆ ಎಂಬುದನ್ನು 2023ರಲ್ಲಿ ಆರಂಭವಾದ ‘ಸಂಚಾರ್ ಸಾಥಿ’ ತಾಣದಲ್ಲಿ ನೋಡಿ, ತನ್ನದಲ್ಲದುದನ್ನು ತಿಳಿಸಬಹುದು. ಹಣ ಹೋಯಿತೆಂದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಕರೆ ಮಾಡಿದರೆ, ಹಣವು ಖಾತೆಯಿಂದ ಖಾತೆಗೆ ಹಾರುವ ಮುನ್ನ ತಡೆಯುವ ಸಂಭವವಿದೆ. ಖಾತೆದಾರನ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರ ಕೈವಾಡದಿಂದ ಹಣ ಹೋದಾಗ, ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ಆ ನಷ್ಟ ಅವನ ಮೇಲೆ ಬೀಳಬಾರದೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಆದೇಶಿಸಿತು. ಈ ವಿಷಯಗಳು ನಗರದ ವಿದ್ಯಾವಂತರ ಸೊತ್ತಾಗಿ ಉಳಿಯದೆ, ಹಾರೋಹಳ್ಳಿಯಂಥ ಊರುಗಳ ಸಂತೆಯಲ್ಲಿ, ಹಾಲಿನ ಡೇರಿಯಲ್ಲಿ, ಕಾರ್ಖಾನೆಯ ಗೇಟಿನ ಬಳಿ ಕನ್ನಡದಲ್ಲಿ ಕೇಳಿಸಬೇಕು. ಶಾಲೆಯಲ್ಲಿ ಓದುವ ಮಕ್ಕಳು ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳಿದರೆ, ಅದು ಯಾವ ಪರೀಕ್ಷೆಯ ಅಂಕಗಳಿಗಿಂತಲೂ ಕಡಿಮೆಯಾದ ಸಾಧನೆಯಲ್ಲ.

ಕನ್ನಡದಲ್ಲಿ ‘ಹೆಸರು’ ಎಂಬ ಮಾತಿಗೆ ನಾಮವೆಂಬ ಅರ್ಥದೊಂದಿಗೆ ಕೀರ್ತಿ, ಮರ್ಯಾದೆ ಎಂಬ ಅರ್ಥಗಳೂ ಇವೆ. ಹೆಸರು ಗಳಿಸುವುದು, ಹೆಸರು ಉಳಿಸುವುದು, ಹೆಸರು ಕೆಡಿಸುವುದು ಎಂಬ ನುಡಿಗಳು ಹಳ್ಳಿಹಳ್ಳಿಯಲ್ಲಿ ಬಳಕೆಯಲ್ಲಿವೆ. ತಂದೆತಾಯಿಗಳು ಇಟ್ಟ ಹೆಸರಿಗೆ ಒಬ್ಬನು ತನ್ನ ನಡತೆಯಿಂದ ಅರ್ಥ ತುಂಬುತ್ತಾನೆ; ಹಾಗೆ ತುಂಬಲು ಒಂದು ಜೀವಮಾನವೇ ಬೇಕಾಗುತ್ತದೆ. ಅದನ್ನು ಒಂದು ಗಳಿಗೆಯಲ್ಲಿ ದೋಚುವವನು ಹಣದ ಕಳ್ಳನಿಗಿಂತ ದೊಡ್ಡ ಕಳ್ಳ. ಅವನಿಂದಾಗಿ ಮನುಷ್ಯ ಮನುಷ್ಯನ ಮಾತನ್ನು ನಂಬದ ಕಾಲ ಬಂದರೆ, ನಿಜವಾಗಿಯೂ ಕಷ್ಟದಲ್ಲಿರುವವನ ಕರೆಗೂ ಯಾರೂ ಓಗೊಡರು. ನಂಬಿಕೆಯಿಲ್ಲದ ಊರಿನಲ್ಲಿ ಎಷ್ಟು ಬೀಗಗಳಿದ್ದರೇನು? ತನ್ನ ಹೆಸರನ್ನು ಜೋಪಾನವಾಗಿ ಕಾಯುವುದು ಜಾಣತನ. ಪರರ ಹೆಸರನ್ನೂ ಅಷ್ಟೇ ಜೋಪಾನವಾಗಿ ಕಾಯುವುದು ಧರ್ಮ. ಇವೆರಡೂ ಕೂಡಿದಾಗ ಮಾತ್ರ ಯಂತ್ರಗಳ ಈ ಯುಗದಲ್ಲಿ ಮನುಷ್ಯನು ತಾನು ತಾನೇ ಎಂದು ನಿರ್ಭಯವಾಗಿ ಹೇಳಿಕೊಳ್ಳಬಲ್ಲನು.